ಕರೆಯದೆ ಬಂದ ಕಡಲಿನ ನೆಂಟರು

ಮನೆಯ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವವರ ಪಾಡು ಒಂದು ಬಗೆಯದಾದರೆ, ಉಪ್ಪುನೀರಿನಲ್ಲಿ ಹವಳ ಬೆಳೆಸುವವರ ಪಾಡೇ ಬೇರೆ. ಸಿಹಿನೀರಿನ ತೊಟ್ಟಿಯಲ್ಲಿ ಕಣ್ಣಿಗೆ ಕಾಣುವುದು ಬಹುಮಟ್ಟಿಗೆ ಮನೆಯವರು ತಂದು ಬಿಟ್ಟ ಜೀವಿಗಳಷ್ಟೆ. ಹವಳದ ತೊಟ್ಟಿಯಲ್ಲಿ ಹಾಗಲ್ಲ. ಕಡಲಿನಿಂದ ತೆಗೆದ ಒಂದು ಕಲ್ಲನ್ನು ಅದರೊಳಗೆ ಇಟ್ಟು ಕೆಲವು ವಾರ ಕಾದರೆ ಸಾಕು. ಆ ಕಲ್ಲಿನ ಸಂದುಗೊಂದುಗಳಿಂದ ಹುಳು, ಏಡಿ, ಸಿಗಡಿ, ಬಸವನಹುಳು, ಕಡಲ ಹೂವು, ಪಾಚಿಗಳು ಒಂದೊಂದಾಗಿ ತಲೆ ಹೊರಹಾಕುತ್ತವೆ. ಯಾರೂ ಇವನ್ನು ಹಣ ಕೊಟ್ಟು ತಂದಿರುವುದಿಲ್ಲ, ಯಾರೂ ಬಯಸಿರುವುದೂ ಇಲ್ಲ. ಪಾಶ್ಚಾತ್ಯ ಹವ್ಯಾಸಿಗಳು ಇವಕ್ಕೆ ಇಟ್ಟ ಹೆಸರು 'ಹಿಚ್‌ಹೈಕರ್'. ದಾರಿಯಲ್ಲಿ ಕೈಯೊಡ್ಡಿ, ಹೋಗುವ ಲಾರಿ ಹತ್ತಿಕೊಂಡು ಬಂದವರು ಎಂದರ್ಥ.

ಇಂಥ ನೆಂಟರನ್ನು ಇಟ್ಟುಕೊಳ್ಳಬೇಕೇ, ಹೊರಗಟ್ಟಬೇಕೇ? ಹವಳದ ತೊಟ್ಟಿ ಇಟ್ಟವರಿಗೆಲ್ಲ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆ ಇದು. ಕಂಡದ್ದನ್ನೆಲ್ಲ ಕೊಂದು ತೊಟ್ಟಿಯನ್ನು ಶುದ್ಧವಾಗಿಡಬೇಕೆನ್ನುವುದು ಸಹಜವಾದ ಮೊದಲ ಉತ್ತರ. ಆದರೆ ಅಕ್ವೇರಿಯಂನ ಸುಮಾರು ಎರಡು ಶತಮಾನಗಳ ಇತಿಹಾಸ ಬೇರೊಂದು ಮಾತನ್ನು ಹೇಳುತ್ತದೆ. ಗಾಜಿನೊಳಗೆ ಕಡಲು ಬದುಕಿದ್ದು ಮನುಷ್ಯನ ಜಾಣತನದಿಂದ ಎಷ್ಟೋ, ಈ ಅನಾಹ್ವಾನಿತರಿಂದಲೂ ಅಷ್ಟೇ.

ಬಾಟಲಿಯಲ್ಲಿ ಮೊಳೆತ ಗಿಡ

ಈ ಕಥೆಯ ಮೊದಲ ಅಧ್ಯಾಯವೇ ಒಬ್ಬ ಅನಿರೀಕ್ಷಿತ ಅತಿಥಿಯದು. 1829ರಲ್ಲಿ ಲಂಡನ್ನಿನ ವೈದ್ಯ ನಥೇನಿಯಲ್ ವಾರ್ಡ್, ಒಂದು ಪತಂಗದ ಕೋಶ ಒಡೆಯುವುದನ್ನು ನೋಡುವ ಆಸೆಯಿಂದ ಅದನ್ನು ಒದ್ದೆ ಮಣ್ಣಿನೊಡನೆ ಬಾಟಲಿಯಲ್ಲಿಟ್ಟು ಮುಚ್ಚಳ ಹಾಕಿದ. ಅವನ ಕಣ್ಣಿಗೆ ಬಿದ್ದದ್ದು ಮಣ್ಣಿನಿಂದ ತಾನಾಗಿ ಮೊಳೆತ ಒಂದು ಜರೀಗಿಡ ಮತ್ತು ಒಂದು ಹುಲ್ಲು. ಕಾರ್ಖಾನೆಗಳ ಹೊಗೆಯಿಂದಾಗಿ ಅವನ ತೋಟದಲ್ಲಿ ಜರೀಗಿಡಗಳು ಉಳಿಯುತ್ತಿರಲಿಲ್ಲ. ಬಾಟಲಿಯೊಳಗೆ ಮಾತ್ರ ಆರೈಕೆಯಿಲ್ಲದೆ ಗಿಡ ಬೆಳೆಯಿತು. ಹಗಲು ಆವಿಯಾದ ತೇವ ಗಾಜಿಗೆ ತಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು.

ಮುಚ್ಚಿದ ಗಾಜಿನೊಳಗೆ ಒಂದು ಸಣ್ಣ ಲೋಕ ಬದುಕಬಲ್ಲದು ಎಂಬ ಈ ಅರಿವಿನಿಂದ 'ವಾರ್ಡ್ ಪೆಟ್ಟಿಗೆ' ಹುಟ್ಟಿತು. ಹಡಗುಗಳಲ್ಲಿ ಗಿಡಗಳನ್ನು ಖಂಡದಿಂದ ಖಂಡಕ್ಕೆ ಸಾಗಿಸಲು ಅದು ದಾರಿ ಮಾಡಿತು. 19ನೆಯ ಶತಮಾನದ ಮಧ್ಯಭಾಗದಲ್ಲಿ ಚೀನಾದ ಚಹಾ ಗಿಡಗಳು ಹಿಮಾಲಯದ ತಪ್ಪಲಿಗೆ ಬಂದದ್ದು ಇಂಥ ಪೆಟ್ಟಿಗೆಗಳಲ್ಲಿ. 1860ರ ದಶಕದಲ್ಲಿ ದಕ್ಷಿಣ ಅಮೆರಿಕದ ಸಿಂಕೋನಾ ನಮ್ಮ ನೆರೆಯ ನೀಲಗಿರಿಯಲ್ಲಿ ಬೇರೂರಿದ್ದರ ಹಿಂದೆಯೂ ಈ ಪೆಟ್ಟಿಗೆಯ ಪಾತ್ರವಿದೆ. ಅದೇ ಕಾಲದಲ್ಲಿ ಕೆಲವರಿಗೆ ಮತ್ತೊಂದು ಯೋಚನೆ ಹೊಳೆಯಿತು. ನೆಲದ ಗಿಡ ಗಾಜಿನಲ್ಲಿ ಬದುಕುವುದಾದರೆ ಕಡಲಿನ ಜೀವಿ ಏಕೆ ಬದುಕಬಾರದು?

ಸೂಜಿ ದಾರ ಮತ್ತು ಬಸವನಹುಳು

1846ರಲ್ಲಿ ಆನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ಟಾರ್ಕಿ ಕಡಲತೀರದಲ್ಲಿ ಸಿಕ್ಕ ಹವಳದ ಜೀವಿಗಳನ್ನು ಲಂಡನ್ನಿನ ಮನೆಗೆ ಒಯ್ದರು. ದಾರಿಯಲ್ಲಿ ಅವು ಜಾಡಿಗೆ ತಾಕಿ ನಜ್ಜುಗುಜ್ಜಾಗದಿರಲಿ ಎಂದು ಸೂಜಿ ದಾರ ಹಿಡಿದು ಅವನ್ನು ಒಂದು ಸ್ಪಂಜಿಗೆ ಹೊಲಿದುಬಿಟ್ಟರು. ಮನೆಯಲ್ಲಿ ಕಡಲ ನೀರಿಗೆ ಗಾಳಿ ಸೇರಿಸಲು ತೆರೆದ ಕಿಟಕಿಯ ಮುಂದೆ ನಿಂತು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಮತ್ತೆ ಮತ್ತೆ ಸುರಿಯುವುದು ಮನೆಗೆಲಸದವಳ ಪಾಲಿಗೆ ಬಂತು. ಮರುವರ್ಷ ಅವರು ಕಡಲಿನ ಸಸ್ಯಗಳನ್ನೂ ಆ ನೀರಿಗೆ ಸೇರಿಸಿದರು. ಹವಳಗಳು ವರ್ಷಗಟ್ಟಲೆ ಬದುಕಿದವು, ಮರಿಗಳನ್ನೂ ಹಾಕಿದವು. ಒಳನಾಡಿನ ಒಂದು ಮನೆಯಲ್ಲಿ ಕಡಲು ಹೀಗೆ ನೆಲೆಸಿದ್ದು ಅಪೂರ್ವ ಸಂಗತಿಯಾಗಿತ್ತು.

ಸುಮಾರು ಅದೇ ಹೊತ್ತಿಗೆ ರಾಬರ್ಟ್ ವಾರಿಂಗ್‌ಟನ್ ಎಂಬ ರಸಾಯನ ವಿಜ್ಞಾನಿ ಲಂಡನ್ನಿನಲ್ಲಿ ಒಂದು ಸಿಹಿನೀರಿನ ಪ್ರಯೋಗ ನಡೆಸಿದ. ತೊಟ್ಟಿಯಲ್ಲಿ ಹೊಂಬಣ್ಣದ ಮೀನು ಮತ್ತು ಜಲಸಸ್ಯ ಇಟ್ಟರೆ, ಸಸ್ಯ ಬಿಡುವ ಆಮ್ಲಜನಕ ಮೀನಿಗೆ, ಮೀನಿನ ಹೊಲಸು ಸಸ್ಯಕ್ಕೆ ದೊರೆತು ಎರಡೂ ಬದುಕುತ್ತವೆ ಎಂಬುದು ಅವನ ಲೆಕ್ಕ. ಲೆಕ್ಕ ಸರಿಯಾಗಿದ್ದರೂ ತೊಟ್ಟಿ ಕೆಟ್ಟಿತು. ಎಲೆಗಳು ಕೊಳೆತು ನೀರು ಲೋಳೆಯಾಗತೊಡಗಿತು. ಕೊನೆಗೆ ಅವನು ಕೆರೆಯ ಕೆಲವು ಬಸವನಹುಳುಗಳನ್ನು ಬಿಟ್ಟ. ಅವು ಕೊಳೆತದ್ದನ್ನೂ ಲೋಳೆಯನ್ನೂ ತಿಂದು ನೀರನ್ನು ತಿಳಿಗೊಳಿಸಿದವು. 1850ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಮೀನು, ಗಿಡಗಳ ಜೊತೆಗೆ ಯಾರೂ ಮೆಚ್ಚಿ ಸಾಕದ ಕಸಗುಡಿಸುವ ಜೀವಿಯೂ ಬೇಕು ಎಂಬ ಪಾಠ ಅಲ್ಲಿಂದಲೇ ಆರಂಭವಾಯಿತು.

ಬ್ರಿಟನ್ನಿನಲ್ಲಿ 1845ರಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಗಿತ್ತು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ 'ಮೀನಿನ ಮನೆ' ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ 'ದಿ ಅಕ್ವೇರಿಯಂ' ಪುಸ್ತಕ ಆ ಹೆಸರನ್ನು ಮನೆಮನೆಗೆ ಮುಟ್ಟಿಸಿತು. ಮಧ್ಯಮ ವರ್ಗದವರು ಸುತ್ತಿಗೆ, ಉಳಿ, ಜಾಡಿಗಳೊಡನೆ ರೈಲು ಹತ್ತಿ ಕಡಲತೀರಕ್ಕೆ ಧಾವಿಸಿದರು. ಇದರ ಇನ್ನೊಂದು ಮುಖವನ್ನು ಗಾಸ್‌ನ ಮಗ ಎಡ್ಮಂಡ್ 1907ರ ತನ್ನ ಆತ್ಮಕಥನದಲ್ಲಿ ದಾಖಲಿಸಿದ್ದಾನೆ. ತಂದೆಯ ಪುಸ್ತಕಗಳನ್ನು ಓದಿ ಬಂದ ಸಂಗ್ರಾಹಕರ ದಂಡು, ತಂದೆ ಪ್ರೀತಿಸಿದ ಕಲ್ಲುಗುಂಡಿಗಳನ್ನೇ ಬರಿದು ಮಾಡಿತ್ತು.

ಶುದ್ಧ ತೊಟ್ಟಿಯ ಸೋಲು

ವಿಮಾನ ಸಾರಿಗೆ ಬೆಳೆದಂತೆ, 20ನೆಯ ಶತಮಾನದ ಮಧ್ಯದ ಹೊತ್ತಿಗೆ ಉಷ್ಣವಲಯದ ಹವಳದ ದಿಬ್ಬಗಳ ಮೀನುಗಳು ಯುರೋಪ್, ಅಮೆರಿಕಗಳ ಮನೆಗಳನ್ನು ತಲುಪತೊಡಗಿದವು. ಅವನ್ನು ಸಾಕುವವರ ಮಂತ್ರ ಒಂದೇ: ಶುದ್ಧತೆ. ಅಲಂಕಾರಕ್ಕೆ ಬಿಳುಚಿಸಿ ಒಣಗಿಸಿದ ಹವಳದ ಅಸ್ಥಿಪಂಜರ, ರೋಗ ಬಂದರೆ ನೀರಿಗೆ ತಾಮ್ರದ ಔಷಧ. ತಾಮ್ರ ಮೀನಿನ ಮೈಮೇಲಿನ ಪರೋಪಜೀವಿಯನ್ನು ಕೊಲ್ಲುತ್ತದೆ. ಆದರೆ ಅದೇ ತಾಮ್ರ ಸಿಗಡಿ, ಹುಳು, ಹವಳಗಳಿಗೂ ವಿಷ. ಹೀಗಾಗಿ ಮೀನು ಹೇಗೋ ಬದುಕಿದರೂ ಹವಳ ಬದುಕುವಂತಿರಲಿಲ್ಲ.

ಇದಕ್ಕೆ ವಿರುದ್ಧವಾದ ದಾರಿಯನ್ನು ತೋರಿಸಿದವರು ಇಂಡೊನೇಷ್ಯದ ಜಕಾರ್ತದ ಲೀ ಚಿನ್ ಎಂಗ್. 1961ರಲ್ಲಿ ಅಮೆರಿಕದ ಒಂದು ಮೀನು ಸಾಕಣೆ ಪತ್ರಿಕೆಯಲ್ಲಿ ಅವರು ತಮ್ಮ ಪದ್ಧತಿಯನ್ನು ವಿವರಿಸಿದರು. ಕಡಲ ನೀರು, ಬಿಸಿಲು, ಸಣ್ಣಗೆ ಏಳುವ ಗಾಳಿಯ ಗುಳ್ಳೆ, ಮತ್ತು ಹವಳದ ದಿಬ್ಬದಿಂದ ಇದ್ದಂತೆಯೇ ತಂದ, ತೊಳೆದು ಒಣಗಿಸದ ಕಲ್ಲುಗಳು. ಅವರ ಪದ್ಧತಿಯೆಂದರೆ ಇಷ್ಟೆ. ಕಡಲು ಹತ್ತಿರವಿದ್ದ, ಬಿಸಿಲಿಗೆ ಬರವಿಲ್ಲದ ಊರಿನಲ್ಲಿ ಸಾಧ್ಯವಾದದ್ದು ಚಳಿಯ ದೇಶದವರಿಗೆ ಸುಲಭವಾಗಿ ಒಲಿಯಲಿಲ್ಲ. 1970 ಮತ್ತು 80ರ ದಶಕಗಳಲ್ಲಿ ಜರ್ಮನಿಯ, ವಿಶೇಷವಾಗಿ ಬರ್ಲಿನ್ನಿನ ಹವ್ಯಾಸಿಗಳು ಆ ಕಲ್ಲಿಗೆ ಪ್ರಖರ ದೀಪವನ್ನೂ, ನೀರಿನ ಕೊಳೆಯನ್ನು ನೊರೆಯಾಗಿಸಿ ತೆಗೆಯುವ ಯಂತ್ರವನ್ನೂ ಜೋಡಿಸಿ 'ಬರ್ಲಿನ್ ಪದ್ಧತಿ'ಯನ್ನು ರೂಪಿಸಿದರು. 1986ರಲ್ಲಿ ಜಾರ್ಜ್ ಸ್ಮಿಟ್ ಬರೆದ ಲೇಖನಮಾಲೆಯ ಮೂಲಕ ಮನೆಯೊಳಗಿನ ಹವಳದ ದಿಬ್ಬದ ಕಲ್ಪನೆ ಅಮೆರಿಕದಲ್ಲಿ ಜನಪ್ರಿಯವಾಯಿತು.

ಈ 'ಜೀವಂತ ಕಲ್ಲು' ನಿಜಕ್ಕೂ ಜೀವವಿರುವ ಕಲ್ಲಲ್ಲ. ಅದು ಸತ್ತ ಹವಳದ ಸುಣ್ಣದ ಗೂಡು. ಜೀವ ಇರುವುದು ಅದರ ರಂಧ್ರಗಳಲ್ಲಿ. ಕಲ್ಲಿನ ಮೇಲ್ಮೈಯ ಬ್ಯಾಕ್ಟೀರಿಯಾಗಳು ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಮತ್ತೆ ನೈಟ್ರೇಟ್ ಆಗಿ ಬದಲಾಯಿಸುತ್ತವೆ. ಆಮ್ಲಜನಕ ತಲುಪದ ಒಳಪದರದ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಹೊರಬಿಡುತ್ತವೆ. ಉಳಿದ ಆಹಾರವನ್ನು ಹುಳುಗಳು ತಿನ್ನುತ್ತವೆ, ಪಾಚಿಯನ್ನು ಬಸವನಹುಳುಗಳು ಕೆರೆಯುತ್ತವೆ. ಕಲ್ಲಿಗೆ ಹಣ ಕೊಟ್ಟವರು ನಿಜವಾಗಿ ಕೊಂಡದ್ದು ಈ ಕಾಣದ ಜನಸಂಖ್ಯೆಯನ್ನು. ಆ ಗುಂಪಿನಲ್ಲಿ ಸಾಧುಗಳೊಡನೆ ಕಳ್ಳರೂ ಬರುವುದು ಅನಿವಾರ್ಯ.

ಸಾಧು ಯಾರು, ಕಳ್ಳ ಯಾರು?

ಇಲ್ಲಿ ರೂಪ ನೋಡಿ ತೀರ್ಪು ಕೊಟ್ಟವರು ಮೋಸಹೋಗುತ್ತಾರೆ. ಮೈತುಂಬ ಬಿರುಗೂದಲಿರುವ ಹುಳು ರಾತ್ರಿ ಕಲ್ಲಿನಿಂದ ಹೊರಬಂದಾಗ ಎಂಥವರೂ ಬೆಚ್ಚುತ್ತಾರೆ. ಕೈಗೆ ತಗುಲಿದರೆ ಅದರ ಕೂದಲು ಚುಚ್ಚಿ ಉರಿಯುವುದೂ ನಿಜ. ಆದರೆ ಇಂಥ ಹುಳುಗಳಲ್ಲಿ ಹೆಚ್ಚಿನವು ಕೊಳೆತದ್ದನ್ನು ತಿನ್ನುವ ಜಾಡಮಾಲಿಗಳು. ಬೆಳಿಗ್ಗೆ ಸತ್ತ ಮೀನಿನ ಮೇಲೆ ಹುಳು ಕಂಡರೆ ಅದೇ ಕೊಲೆಗಾರ ಎನ್ನಲಾಗದು. ಬಹಳ ಸಲ ಅದು ಶವಸಂಸ್ಕಾರಕ್ಕೆ ಬಂದದ್ದಷ್ಟೆ.

ಹಾಗೆಂದು ಎಲ್ಲ ಹುಳುಗಳನ್ನೂ ನಂಬುವಂತಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ನ್ಯೂಕೀಯಲ್ಲಿರುವ ಸಾರ್ವಜನಿಕ ಅಕ್ವೇರಿಯಂನಲ್ಲಿ ಹವಳಗಳು ತುಂಡಾಗತೊಡಗಿದಾಗ ಕಾರಣ ತಿಳಿಯದೆ ಸಿಬ್ಬಂದಿ ಕಂಗೆಟ್ಟರು. ಕೊನೆಗೆ 2009ರಲ್ಲಿ ತೊಟ್ಟಿಯ ಕಲ್ಲುಗಳನ್ನು ಒಂದೊಂದಾಗಿ ಕಳಚಿದಾಗ ಸಿಕ್ಕಿದ್ದು ಸುಮಾರು ನಾಲ್ಕು ಅಡಿ ಉದ್ದದ ಯೂನಿಸ್ ಜಾತಿಯ ಹುಳು. ಎಂದೋ ಕಲ್ಲಿನೊಳಗೆ ಮರಿಯಾಗಿ ಬಂದು ಯಾರ ಕಣ್ಣಿಗೂ ಬೀಳದೆ ಬೆಳೆದಿತ್ತು. ಅದನ್ನು ಕೊಲ್ಲದೆ ಬೇರೆ ತೊಟ್ಟಿಗೆ ಸಾಗಿಸಿ 'ಬ್ಯಾರಿ' ಎಂದು ಹೆಸರಿಟ್ಟರು.

ಕಿವಿಯೂ ಕೆಲವೊಮ್ಮೆ ಮೋಸ ಮಾಡುತ್ತದೆ. ರಾತ್ರಿ ತೊಟ್ಟಿಯಿಂದ 'ಟಕ್ ಟಕ್' ಸದ್ದು ಕೇಳಿದರೆ ಮಂಟಿಸ್ ಸಿಗಡಿ ಬಂದಿದೆ ಎಂದು ಹೆದರುವವರುಂಟು. ಈ ಸಿಗಡಿಯ ಮುಂಗಾಲಿನ ಏಟು ಸೆಕೆಂಡಿಗೆ 23 ಮೀಟರ್ ವೇಗ ಮುಟ್ಟಬಲ್ಲದೆಂದು 2004ರಲ್ಲಿ ವಿಜ್ಞಾನಿಗಳು ಅಳೆದು ತೋರಿಸಿದರು. ಶಂಖ, ಏಡಿಗಳ ಚಿಪ್ಪು ಆ ಏಟಿಗೆ ಪುಡಿಯಾಗುತ್ತದೆ. ಆದರೆ ಅಂಥದ್ದೇ ಸದ್ದನ್ನು ಪಿಸ್ತೂಲು ಸಿಗಡಿಯೂ ಮಾಡುತ್ತದೆ. ತನ್ನ ಕೊಂಡಿಯನ್ನು ಥಟ್ಟನೆ ಮುಚ್ಚಿ ನೀರಿನಲ್ಲಿ ಗುಳ್ಳೆ ಎಬ್ಬಿಸುತ್ತದೆ. ಆ ಗುಳ್ಳೆ ಕುಸಿಯುವಾಗಿನ ಸದ್ದು ಅದು. ಸಾಮಾನ್ಯವಾಗಿ ಈ ಜೀವಿಯಿಂದ ಹವಳಕ್ಕೆ ತೊಂದರೆಯಿಲ್ಲ. ಕೆಲವು ಗೋಬಿ ಮೀನುಗಳೊಡನೆ ಒಂದೇ ಬಿಲದಲ್ಲಿ ಸಂಸಾರ ಮಾಡುವಷ್ಟು ಹೊಂದಾಣಿಕೆಯ ಗುಣ ಅದರದು.

ಏಡಿಗಳ ವಿಷಯವೂ ಹೀಗೆಯೇ. ಕಾಲಿನ ತುಂಬ ಕೂದಲಿರುವ ಕೆಲವು ಏಡಿಗಳು ಹವಳವನ್ನು ಕಿತ್ತು ತಿನ್ನುತ್ತವೆ. ಆದರೆ ಹವಳದ ಕೊಂಬೆಗಳ ನಡುವೆಯೇ ವಾಸಿಸುವ ಟ್ರಪೀಜಿಯಾ ಎಂಬ ಪುಟ್ಟ ಏಡಿ ಆ ಹವಳದ ಕಾವಲುಗಾರ. ಹವಳ ತಿನ್ನಲು ಬರುವ 'ಮುಳ್ಳಿನ ಕಿರೀಟ'ವೆಂಬ ದೊಡ್ಡ ನಕ್ಷತ್ರ ಮೀನಿನ ಪಾದಗಳನ್ನು ಚಿವುಟಿ ಅದು ಹಿಮ್ಮೆಟ್ಟಿಸುತ್ತದೆ, ಹವಳದ ಮೇಲೆ ಕೂತ ಮಣ್ಣನ್ನು ಗುಡಿಸುತ್ತದೆ. ಗುರುತಿಸದೆ ಅದನ್ನು ಕಿತ್ತೆಸೆದವರು ತಮ್ಮ ಹವಳದ ಕಾವಲನ್ನೇ ತೆಗೆದಂತೆ.

ರಕ್ತಬೀಜನ ವಂಶ

ಅವಸರದ ಚಿಕಿತ್ಸೆ ಹೇಗೆ ತಿರುಗುಬಾಣವಾಗುತ್ತದೆ ಎಂಬುದಕ್ಕೆ ಐಪ್ಟೇಸಿಯಾ ಎಂಬ ಪುಟ್ಟ ಕಡಲ ಹೂವೇ ಸಾಕ್ಷಿ. ಕಂದುಬಣ್ಣದ, ಪಾರದರ್ಶಕ ದಳಗಳ ಈ ಜೀವಿ ಮೊದಲ ದಿನ ಚೆಲುವಾಗಿಯೇ ಕಾಣುತ್ತದೆ. ತಿಂಗಳುಗಳಲ್ಲಿ ತೊಟ್ಟಿಯ ತುಂಬ ಹರಡಿ ಅಕ್ಕಪಕ್ಕದ ಹವಳಗಳನ್ನು ಕುಟುಕತೊಡಗುತ್ತದೆ. ಕೆರೆದು ತೆಗೆಯಲು ಹೋದರೆ ಪಾದದ ಚೂರೊಂದು ಕಲ್ಲಿಗಂಟಿ ಉಳಿದರೂ ಅದರಿಂದ ಹೊಸ ಹೂವು ಹುಟ್ಟುತ್ತದೆ. ಪುರಾಣದ ರಕ್ತಬೀಜಾಸುರನ ಪ್ರತಿ ಹನಿ ರಕ್ತದಿಂದ ಹೊಸ ಅಸುರ ಎದ್ದುಬಂದಂತೆ.

ಹವ್ಯಾಸಿಗಳು ಕೊನೆಗೆ ಮೊರೆಹೋದದ್ದು ಇನ್ನೊಂದು ಜೀವಿಗೆ. ಬರ್ಗಿಯಾ ಎಂಬ, ಬೆರಳಿನ ಉಗುರಿನಷ್ಟು ಗಾತ್ರದ ಚಿಪ್ಪಿಲ್ಲದ ಕಡಲ ಬಸವನಹುಳು ಐಪ್ಟೇಸಿಯಾವನ್ನಲ್ಲದೆ ಬೇರೇನನ್ನೂ ತಿನ್ನುವುದಿಲ್ಲ. ಕೆಲವು ಜಾತಿಯ ಸಿಗಡಿಗಳೂ ಈ ಕೆಲಸಕ್ಕೆ ಒದಗುತ್ತವೆ. ಆದರೆ ಈ ಪೀಡೆಗೂ ಒಂದು ಘನತೆ ದೊರೆತಿದೆ. ಹವಳದಂತೆಯೇ ಐಪ್ಟೇಸಿಯಾ ಕೂಡ ತನ್ನ ದೇಹದೊಳಗೆ ಸೂಕ್ಷ್ಮ ಪಾಚಿಯನ್ನಿಟ್ಟುಕೊಂಡು ಅದು ತಯಾರಿಸುವ ಆಹಾರದಿಂದ ಬದುಕುತ್ತದೆ. ಕಡಲು ಬಿಸಿಯಾದಾಗ ಈ ಪಾಚಿಯನ್ನು ಕಳೆದುಕೊಂಡು ಹವಳಗಳು ಏಕೆ ಬಿಳುಚುತ್ತವೆ ಎಂಬುದನ್ನು ಅರಿಯಲು ವಿಜ್ಞಾನಿಗಳಿಗೆ ಸುಲಭವಾಗಿ ಬೆಳೆಯುವ, ಬೇಗ ಸಾಯದ ಒಂದು ಜೀವಿ ಬೇಕಿತ್ತು. ಮನೆಯಲ್ಲಿ ಶಾಪವಾಗಿದ್ದ ಗುಣವೇ ಪ್ರಯೋಗಾಲಯದಲ್ಲಿ ವರವಾಯಿತು. 2015ರಲ್ಲಿ ಅದರ ಸಂಪೂರ್ಣ ವಂಶವಾಹಿ ನಕ್ಷೆ ಪ್ರಕಟವಾಯಿತು.

ಇನ್ನೊಂದು ನೆಂಟನನ್ನು ವಿಜ್ಞಾನ ಮೊದಲು ಕಂಡದ್ದೇ ತೊಟ್ಟಿಯಲ್ಲಿ. ಅಕ್ರೊಪೋರಾ ಹವಳಗಳನ್ನು ಮೇಯುವ, ಹವಳದ ಬಣ್ಣದಲ್ಲೇ ಕರಗಿಹೋಗುವ ಚಪ್ಪಟೆ ಹುಳುವೊಂದು ಹವ್ಯಾಸಿಗಳನ್ನು ಬಹುಕಾಲ ಕಾಡಿತ್ತು. 2011ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರು ಬಂತು. ಆಸ್ಟ್ರೇಲಿಯಾದ ಮಹಾ ಹವಳ ದಿಬ್ಬದಲ್ಲಿ ಅದನ್ನು ಪತ್ತೆ ಹಚ್ಚಿದ್ದು ಆಮೇಲೆ.

ಕುದಿಸಬಾರದ ಕಲ್ಲು

ಈ ವಿಷಯ ಹವಳದ ಆರೋಗ್ಯಕ್ಕಷ್ಟೇ ಸೀಮಿತವಲ್ಲ. ಬೇಡದ ಜೀವಿಗಳೆಲ್ಲ ಒಟ್ಟಿಗೆ ಸಾಯಲಿ ಎಂದು ಕಲ್ಲನ್ನು ಬಿಸಿನೀರಿನಲ್ಲಿ ಕುದಿಸುವುದು ಕೆಲವರಿಗೆ ಸುಲಭದ ದಾರಿಯಾಗಿ ತೋರಿದ್ದುಂಟು. ಆದರೆ ಕಲ್ಲಿನ ಮೇಲೆ ಗುಂಡಿಗಳಂತೆ ಗುಂಪಾಗಿ ಬೆಳೆಯುವ ಪ್ಯಾಲಿಥೋವಾ ಜಾತಿಯ ಕೆಲವು ಜೀವಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿರುತ್ತದೆ. 1971ರಲ್ಲಿ ಹವಾಯಿಯ ವಿಜ್ಞಾನಿಗಳು ಬೇರ್ಪಡಿಸಿದ ಈ ವಸ್ತು ನಿಸರ್ಗದಲ್ಲಿ ದೊರೆಯುವ ಅತ್ಯಂತ ತೀಕ್ಷ್ಣ ವಿಷಗಳಲ್ಲಿ ಒಂದು. ಕಲ್ಲನ್ನು ಕುದಿಸಿದರೆ, ಬಿಸಿನೀರು ಸುರಿದರೆ ಅಥವಾ ಬಿರುಸಾಗಿ ಉಜ್ಜಿದರೆ ವಿಷ ಹಬೆ ಮತ್ತು ತುಂತುರಿನೊಡನೆ ಉಸಿರಿಗೆ ಸೇರುತ್ತದೆ. ಕೆಮ್ಮು, ಜ್ವರ, ಉಸಿರಾಟದ ತೊಂದರೆ ಇದರ ಲಕ್ಷಣಗಳು. ಅಮೆರಿಕದ ಅಲಾಸ್ಕ ರಾಜ್ಯದಲ್ಲಿ 2012ರಿಂದ 2014ರ ನಡುವೆ ಅಕ್ವೇರಿಯಂ ಅಂಗಡಿ ಮತ್ತು ಮನೆಗಳಲ್ಲಿ ಇಂಥ ಶಂಕಿತ ಪ್ರಕರಣಗಳನ್ನು ಆರೋಗ್ಯ ಅಧಿಕಾರಿಗಳು ದಾಖಲಿಸಿದರು. ತೊಟ್ಟಿಗೆ ಕೈ ಹಾಕುವವರು ಕೈಗವಸು ಮತ್ತು ಕಣ್ಣಿಗೆ ಕನ್ನಡಕ ಧರಿಸಬೇಕು, ಕಲ್ಲನ್ನು ಎಂದಿಗೂ ಕುದಿಸಬಾರದು ಎಂಬ ನಿಯಮಕ್ಕೆ ಕಾರಣ ಇದು.

ಅನುಭವಿಗಳು ಪಾಲಿಸುವ ಕ್ರಮ ಸಾವಧಾನದ್ದು. ಹೊಸ ಕಲ್ಲು, ಹೊಸ ಹವಳವನ್ನು ಮೊದಲು ಬೇರೊಂದು ತೊಟ್ಟಿಯಲ್ಲಿ ಕೆಲವು ವಾರ ಇಡುತ್ತಾರೆ. ಹವಳವನ್ನು ಔಷಧದ ನೀರಿನಲ್ಲಿ ಅದ್ದಿದರೆ ಹುಳು ಸತ್ತರೂ ಮೊಟ್ಟೆ ಉಳಿಯಬಹುದಾದ್ದರಿಂದ ಈ ಕಾಯುವಿಕೆ ಅಗತ್ಯ. ದೀಪ ಆರಿದ ಮೇಲೆ ಕೆಂಪು ಬೆಳಕಿನ ಟಾರ್ಚು ಹಿಡಿದು ಯಾವುದು ಏನು ತಿನ್ನುತ್ತಿದೆ ಎಂದು ನೋಡುತ್ತಾರೆ. ಹೆಸರು ಖಚಿತವಾದ ಮೇಲೆಯೇ ಬಲೆಯೋ ಇಕ್ಕಳವೋ ನಿರ್ಧಾರವಾಗುತ್ತದೆ.

ತೊಟ್ಟಿಯಿಂದ ಕಡಲಿಗೆ

ಹೊರಗಟ್ಟಿದ ನೆಂಟ ಎಲ್ಲಿಗೆ ಹೋಗುತ್ತಾನೆ ಎಂಬುದೂ ಮುಖ್ಯ. 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಕೆಳಗಿನ ಕಡಲತಳದಲ್ಲಿ ಸುಮಾರು ಒಂದು ಚದರ ಮೀಟರಿನಷ್ಟು ಜಾಗದಲ್ಲಿ ಕಾಲರ್ಪಾ ಎಂಬ ಹಸಿರು ಕಡಲಪಾಚಿ ಕಂಡುಬಂತು. ಅಕ್ವೇರಿಯಂಗಳಲ್ಲಿ ಅಲಂಕಾರಕ್ಕೆ ಬೆಳೆಸುತ್ತಿದ್ದ, ಚಳಿಯನ್ನೂ ತಾಳಬಲ್ಲ ತಳಿ ಅದು. ಮುಂದಿನ ವರ್ಷಗಳಲ್ಲಿ ಅದು ಮೆಡಿಟರೇನಿಯನ್ ಕಡಲತಳದಲ್ಲಿ ಸಾವಿರಾರು ಎಕರೆ ಹಬ್ಬಿ ಅಲ್ಲಿನ ಕಡಲಹುಲ್ಲನ್ನು ಮುಚ್ಚಿತು. 2000ದಲ್ಲಿ ಅದೇ ಪಾಚಿ ಕ್ಯಾಲಿಫೋರ್ನಿಯದ ಹಿನ್ನೀರೊಂದರಲ್ಲಿ ಸಿಕ್ಕಾಗ ಅಲ್ಲಿನ ಆಡಳಿತ ತಡಮಾಡಲಿಲ್ಲ. ಪಾಚಿಯ ಮೇಲೆ ಟಾರ್ಪಾಲು ಹೊದಿಸಿ ಅದರಡಿ ಕ್ಲೋರಿನ್ ಹಾಯಿಸಲಾಯಿತು. 2006ರಲ್ಲಿ ನಿರ್ಮೂಲನೆ ಘೋಷಿಸುವ ಹೊತ್ತಿಗೆ ಲಕ್ಷಾಂತರ ಡಾಲರ್ ವೆಚ್ಚವಾಗಿತ್ತು. ತೊಟ್ಟಿಯ ನೀರನ್ನಾಗಲಿ ಜೀವಿಯನ್ನಾಗಲಿ ಕಡಲಿಗೆ, ಕಾಲುವೆಗೆ ಬಿಡಬಾರದೆಂಬುದು ಅಷ್ಟು ಬೆಲೆ ತೆತ್ತು ಕಲಿತ ಪಾಠ.

ಭಾರತದಲ್ಲಿ ಪ್ರಶ್ನೆ ಇನ್ನೂ ಮೊದಲೇ ಆರಂಭವಾಗುತ್ತದೆ. 2001ರಿಂದ ದಿಬ್ಬ ಕಟ್ಟುವ ಎಲ್ಲ ಹವಳಗಳೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಮುರ್ಡೇಶ್ವರದಾಚೆ ನೇತ್ರಾಣಿ ದ್ವೀಪದ ಸುತ್ತಲಿನ ಹವಳವನ್ನು ಮುಳುಗಿ ನೋಡಬಹುದೇ ಹೊರತು ಒಂದು ಚೂರನ್ನೂ ಮನೆಗೆ ತರುವಂತಿಲ್ಲ.

ಅಮೆರಿಕದ ಫ್ಲಾರಿಡಾದಲ್ಲಿಯೂ 1990ರ ದಶಕ ಮುಗಿಯುವುದರೊಳಗೆ ನೈಸರ್ಗಿಕ ದಿಬ್ಬಗಳಿಂದ ಜೀವಂತ ಕಲ್ಲು ಕೀಳುವುದಕ್ಕೆ ತಡೆ ಬಿತ್ತು. ಅಲ್ಲಿ ಆಗ ಹೊಸದೊಂದು ಬೇಸಾಯ ಬೆಳೆಯಿತು. ನೆಲದ ಗಣಿಯಿಂದ ತೆಗೆದ ಬರಿಯ ಸುಣ್ಣಕಲ್ಲುಗಳನ್ನು ಗುತ್ತಿಗೆಗೆ ಪಡೆದ ಕಡಲತಳದಲ್ಲಿ ಹರಡಿ ವರ್ಷಗಟ್ಟಲೆ ಕಾಯುತ್ತಾರೆ. ಸ್ಪಂಜು, ಹುಳು, ಏಡಿ, ಪಾಚಿಗಳು ತಾವಾಗಿ ಬಂದು ನೆಲೆಸಿದ ಮೇಲೆ ಕಲ್ಲುಗಳನ್ನು ಎತ್ತಿ ಮಾರುತ್ತಾರೆ. ಇತ್ತೀಚೆಗೆ ಪೀಡೆಗಳ ಭಯದಿಂದ ಒಣಗಿದ ಕಲ್ಲನ್ನೇ ಬಳಸಿ ಸೀಸೆಯ ಬ್ಯಾಕ್ಟೀರಿಯಾ ಸುರಿಯುವವರೂ ಹೆಚ್ಚಿದ್ದಾರೆ. ಅವರಿಗೆ ಐಪ್ಟೇಸಿಯಾದ ಕಾಟ ಕಡಿಮೆ. ಆದರೆ ಮೊದಲ ತಿಂಗಳುಗಳಲ್ಲಿ ಪಾಚಿ ಎದ್ದಾಗ ಅದನ್ನು ತಿನ್ನಲು ತೊಟ್ಟಿಯಲ್ಲಿ ಯಾರೂ ಇರುವುದಿಲ್ಲ. ಆಗ ಅವರು ಅಂಗಡಿಗೆ ಹೋಗಿ ಹಣ ಕೊಟ್ಟು ಕೊಂಡು ತರುವುದು ಬಸವನಹುಳುಗಳನ್ನು, ಕೆಲವೊಮ್ಮೆ ಬಿರುಗೂದಲಿನ ಹುಳುಗಳನ್ನೂ ಕೂಡ.